ಪಾಯಿಂಟ್ 22 ರೈಫಲ್‌ನ ನಳಿಕೆ ಶುಚಿ ಮಾಡುವ ಬಗೆ: ಹಿಂಬದಿಯಿಂದ, ಮೆಲ್ಲಗೆ, ಮಿತವಾಗಿ

ಹೋದ ಮಳೆಗಾಲದಲ್ಲಿ ಮಧುಗಿರಿ ಕಡೆಯ ಪರಿಚಯದವರೊಬ್ಬರು ಪರವಾನಗಿ ಪುಸ್ತಕದ ಸಮೇತ ತಮ್ಮ ಪಾಯಿಂಟ್ 22 ರೈಫಲ್ ಹಿಡಿದು ತುಮಕೂರಿನ ನಮ್ಮ ಮನೆಗೆ ಬಂದಿದ್ದರು. ಇಪ್ಪತ್ತು ವರ್ಷ ಹಳೆಯದು. ಮುಂಚೆ ಇಪ್ಪತ್ತೈದು ಗಜದಲ್ಲಿ ಐದು ಗುಂಡು ಹಾರಿಸಿದರೆ ಐದೂ ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುವಂತೆ ಕೂರುತ್ತಿದ್ದವಂತೆ. ಈಗ ಅಂಗೈ ಅಗಲಕ್ಕೆ ಚೆದುರುತ್ತಿವೆ. ‘ನಳಿಕೆ ಸವೆದುಹೋಗಿದೆ, ಬದಲಾಯಿಸಬೇಕೇನೋ ನೋಡಿ’ ಎಂದರು. ನಳಿಕೆಯ ಹಿಂಬದಿಯನ್ನು ಮುಚ್ಚುವ ಉಕ್ಕಿನ ಅಗುಳಿಯನ್ನು, ಅಂದರೆ ಬೋಲ್ಟನ್ನು ತೆಗೆದು, ಹಿಂಬದಿಯಲ್ಲಿ ಬಿಳಿ ಕಾಗದ ಹಿಡಿದು ನೋಡಿದೆ. ಒಳಗೆ ಕನ್ನಡಿಯಂತಿತ್ತು. ಸವೆತದ ಸುಳಿವೇ ಇಲ್ಲ. ಆಮೇಲೆ ಭೂತಗನ್ನಡಿ ತಂದು ಮೂತಿಯನ್ನು ನೋಡಿದೆ. ದುಂಡಗಿರಬೇಕಾದ ಬಾಯಿ ಕೆಳಗಡೆ ಒಂದು ಪಕ್ಕಕ್ಕೆ ಕೊರೆದುಹೋಗಿತ್ತು, ಹಗ್ಗ ಉಜ್ಜಿ ಉಜ್ಜಿ ಬಾವಿಕಟ್ಟೆಯ ಕಲ್ಲು ತಗ್ಗು ಬೀಳುವ ಹಾಗೆ. ಏನು ಮಾಡುತ್ತಿದ್ದಿರಿ ಎಂದು ಕೇಳಿದರೆ, ಪ್ರತಿ ಭಾನುವಾರ ತಪ್ಪದೆ ಕಬ್ಬಿಣದ ಸರಳಿಗೆ ಬಟ್ಟೆ ಸುತ್ತಿ ಮೂತಿಯಿಂದ ಒಳಕ್ಕೆ ತಳ್ಳಿ ಉಜ್ಜುತ್ತಿದ್ದರಂತೆ. ಗುಂಡು ಹಾರಿಸಿದ್ದು ವರ್ಷಕ್ಕೆ ನಾಲ್ಕು ಸಲವೂ ಇಲ್ಲ.

ಆ ರೈಫಲ್ಲನ್ನು ಹಾಳು ಮಾಡಿದ್ದು ಗುಂಡಲ್ಲ, ಶುಚಿ ಮಾಡಿದ ರೀತಿ. ಇಂಥ ನಳಿಕೆಗಳನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಪರವಾನಗಿ ಇದ್ದು ಪಾಯಿಂಟ್ 22 ಇಟ್ಟುಕೊಂಡವರು, ಮಕ್ಕಳನ್ನು ಗುರಿ ಕ್ರೀಡೆಗೆ ಸೇರಿಸಿದವರು, ಎನ್‌ಸಿಸಿಯಲ್ಲಿ ಕಲಿತದ್ದನ್ನು ಮರೆತವರು ನಮ್ಮ ಜಿಲ್ಲೆಯಲ್ಲಿ ಸಾಕಷ್ಟು ಮಂದಿ ಇದ್ದಾರೆ. ಅವರಿಗಾಗಿ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ನಳಿಕೆಯ ಕೊಳೆಯೇ ಬೇರೆ

ಪಾಯಿಂಟ್ 22 ಲಾಂಗ್ ರೈಫಲ್ ತೋಟಾ ಬಳಕೆಗೆ ಬಂದದ್ದು 1887ರಲ್ಲಿ. ಅಂದಿನಿಂದ ಇಂದಿನವರೆಗೆ ಅದರ ಮೂಲ ರಚನೆ ಹೆಚ್ಚು ಬದಲಾಗಿಲ್ಲ. ಗುಂಡು ಮೆತ್ತನೆಯ ಸೀಸದ್ದು, ಸುಮಾರು 2.6 ಗ್ರಾಂ ತೂಕ, 5.6 ಮಿಲಿಮೀಟರ್ ದಪ್ಪ. ಅದರ ಮೈಗೆ ಮೇಣದಂಥ ಜಿಡ್ಡು ಸವರಿರುತ್ತಾರೆ. ಗುರಿ ಸ್ಪರ್ಧೆಗೆ ಬಳಸುವ ತೋಟಾದ ಗುಂಡು ಮೂತಿ ಬಿಡುವಾಗ ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿರುತ್ತದೆ. ದೊಡ್ಡ ರೈಫಲ್‌ಗಳಲ್ಲಿ ತಾಮ್ರದ ಕವಚದ ಗುಂಡು ಇದರ ಎರಡು, ಮೂರು ಪಟ್ಟು ವೇಗದಲ್ಲಿ ಉಜ್ಜಿಕೊಂಡು ಹೋಗುತ್ತದೆ, ಅಲ್ಲಿ ನಳಿಕೆ ಸವೆಯುವುದು ನಿಜ. ಮೇಣ ಸವರಿದ ಸೀಸಕ್ಕೆ ಉಕ್ಕನ್ನು ಸವೆಸುವ ಶಕ್ತಿ ಎಲ್ಲಿಂದ ಬರಬೇಕು? ಚೆನ್ನಾಗಿ ನೋಡಿಕೊಂಡ ಪಾಯಿಂಟ್ 22 ನಳಿಕೆ ಹತ್ತಾರು ಸಾವಿರ ಗುಂಡು ಹಾರಿಸಿದ ಮೇಲೂ ಗುರಿ ತಪ್ಪುವುದಿಲ್ಲ.

ಒಳಗೆ ಉಳಿಯುವುದು ಮೂರು ಬಗೆಯ ಕೊಳೆ. ಒಂದು, ಮೇಣ. ಇದು ಶತ್ರುವಲ್ಲ, ನಳಿಕೆಯ ಉದ್ದಕ್ಕೂ ತೆಳ್ಳಗೆ ಹರಡಿ ಮುಂದಿನ ಗುಂಡಿಗೆ ಹಾದಿ ಮಾಡಿಕೊಡುತ್ತದೆ. ಎರಡು, ಸೀಸದ ತೆಳು ಪದರ. ಸಾಮಾನ್ಯವಾಗಿ ಕಡಿಮೆ, ಆದರೆ ಒಳಗೆ ತುಕ್ಕಿನ ಕಲೆಗಳಿದ್ದರೆ ಅಲ್ಲಿ ಹಿಡಿದುಕೊಳ್ಳುತ್ತದೆ. ಮೂರನೆಯದೇ ನಿಜವಾದ ತಂಟೆ. ಪಾಯಿಂಟ್ 22 ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ಬೇರೆ ಕ್ಯಾಪಿನಲ್ಲಿರುವುದಿಲ್ಲ, ಹಿತ್ತಾಳೆ ಕವಚದ ಅಂಚಿನ ಒಳಗೇ ತುಂಬಿರುತ್ತದೆ. ತಿಕ್ಕಾಟಕ್ಕೆ ಕಿಡಿ ಏಳಲೆಂದು ಆ ಮದ್ದಿಗೆ ಬಹಳ ತಯಾರಕರು ನುಣ್ಣನೆಯ ಗಾಜಿನ ಪುಡಿ ಬೆರೆಸುತ್ತಾರೆ. ಮದ್ದು ಸುಟ್ಟ ಮಸಿ, ಈ ಗಾಜು, ಮೇಣ ಎಲ್ಲವೂ ಬೆರೆತು, ತೋಟಾ ಕೂರುವ ಚೇಂಬರ್ ಮುಗಿದು, ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು ಶುರುವಾಗುವ ಜಾಗದಲ್ಲಿ ಉಂಗುರದ ಹಾಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತವೆ. ಹಂಡೆಯ ತಳದ ಕಾಡಿಗೆ ಹೇಗೆ ಉಗುರಿಗೂ ಬರುವುದಿಲ್ಲವೋ ಹಾಗೆ. ಗುರಿ ಕೆಡುವುದು ಇಲ್ಲಿಂದ. ಹಾಗಾಗಿ ನಳಿಕೆಯ ಉಳಿದ ಭಾಗಕ್ಕೆ ಮೆಲು ಕೈ, ಈ ಎರಡು ಬೆರಳಿನಷ್ಟು ಜಾಗಕ್ಕೆ ತುಸು ಬಿಗಿ ಕೈ.

ಬಿಸಿನೀರಿನ ಪದ್ಧತಿ ಎಲ್ಲಿಂದ ಬಂತು

ನಮ್ಮ ತಾತನ ಬಳಿ ಬೆಳೆ ಕಾಯಲೆಂದು ಪರವಾನಗಿ ಪಡೆದ ಮೂತಿಯಿಂದ ಮದ್ದು ತುಂಬುವ ಬಂದೂಕು ಇತ್ತು. ಕಡಲೆಕಾಯಿ ಹೊಲಕ್ಕೆ ಹಂದಿ ಬಂದಾಗ ಬರೀ ಸದ್ದು ಮಾಡಲು. ಸದ್ದು ಮಾಡಿದ ಮಾರನೆಯ ಬೆಳಗ್ಗೆಯೇ ಸ್ನಾನದ ಹಂಡೆಯಿಂದ ಕುದಿನೀರು ತೋಡಿ ನಳಿಕೆಗೆ ಹುಯ್ಯುತ್ತಿದ್ದರು. ಅದು ಸರಿಯಾದ ಕೆಲಸವೇ. ಕರಿಮದ್ದು ಉರಿದಾಗ ಉಳಿಯುವ ಲವಣಗಳು ಗಾಳಿಯ ತೇವವನ್ನು ಹೀರಿ ರಾತ್ರಿ ಬೆಳಗಾಗುವುದರಲ್ಲಿ ತುಕ್ಕು ಹಿಡಿಸುತ್ತವೆ, ಎಣ್ಣೆಗೆ ಕರಗದ ಆ ಲವಣ ನೀರಿಗೆ ಮಾತ್ರ ಕರಗುತ್ತದೆ. ಹಳೆಯ ಕಾಲದ ತೋಟಾಗಳ ಕಿಡಿಮದ್ದಿನಲ್ಲಿಯೂ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು, ಅದು ಉರಿದು ಉಪ್ಪಿನಂಥ ಪುಡಿಯಾಗಿ ಉಳಿಯುತ್ತಿತ್ತು. ಸೇನೆಯಲ್ಲಿ, ಎನ್‌ಸಿಸಿಯಲ್ಲಿ ಗುಂಡು ಹಾರಿಸಿದ ಮೇಲೆ ಕುದಿನೀರು ಹಾಯಿಸುವ ಪಾಠ ಉಳಿದುಬಂದದ್ದು ಹಾಗೆ. ಇಂದಿನ ಪಾಯಿಂಟ್ 22 ತೋಟಾಗಳಲ್ಲಿ ಆ ಲವಣದ ಕಾಟ ಇಲ್ಲ. ನೀರು ಹಾಯಿಸಿದರೆ ಲಾಭವೇನೂ ಇಲ್ಲ, ಒಣಗಿಸುವುದು ಸ್ವಲ್ಪ ತಪ್ಪಿದರೂ ನಷ್ಟ ಖಂಡಿತ. ಹಿರಿಯರ ಮೇಲಿನ ಗೌರವದಿಂದಲೇ ಹೇಳುತ್ತೇನೆ, ಪಾಯಿಂಟ್ 22 ನಳಿಕೆಗೆ ನೀರು ಬೇಡ.

ಏನೇನು ಬೇಕು

ಒಂದೇ ತುಂಡಿನ ಸರಳು ಎಲ್ಲಕ್ಕಿಂತ ಮುಖ್ಯ. ಮೇಲೆ ಪ್ಲಾಸ್ಟಿಕ್ ಲೇಪನವಿರುವ ಉಕ್ಕಿನದು ಉತ್ತಮ, ಹಿತ್ತಾಳೆಯದು ಆದೀತು. ಹಿಡಿಕೆ ಸರಾಗವಾಗಿ ತಿರುಗುವಂತಿರಬೇಕು. ಪಾಯಿಂಟ್ 22 ನಳಿಕೆಯ ಒಳಗೀರುಗಳು ಸಾಮಾನ್ಯವಾಗಿ 16 ಇಂಚಿಗೆ, ಅಂದರೆ ಸುಮಾರು 40 ಸೆಂಟಿಮೀಟರಿಗೆ ಒಂದು ಸುತ್ತು ತಿರುಗುತ್ತವೆ. ಸರಳು ಅದರ ಜೊತೆಗೇ ತಿರುಗದಿದ್ದರೆ ಬ್ರಷ್ಷಿನ ಕೂದಲು ಗೀರುಗಳನ್ನು ಅಡ್ಡಡ್ಡ ದಾಟುತ್ತದೆ, ಕೊಳೆ ಗೀರಿನ ಮೂಲೆಯಲ್ಲೇ ಉಳಿಯುತ್ತದೆ. ಮೂರು ತುಂಡು ಜೋಡಿಸುವ ಅಲ್ಯೂಮಿನಿಯಂ ಸರಳು ಅಗ್ಗಕ್ಕೆ ಸಿಗುತ್ತದೆ, ಕೊಳ್ಳಬೇಡಿ. ಜೋಡಣೆಯ ಅಂಚುಗಳು ಅರದಂತೆ ಉಜ್ಜುತ್ತವೆ. ಮೆತ್ತನೆಯ ಅಲ್ಯೂಮಿನಿಯಂ ದೂಳಿನ ಹರಳುಗಳನ್ನು ತನ್ನೊಳಗೆ ಕಚ್ಚಿಹಿಡಿದು ಮರಳು ಕಾಗದವಾಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ಇದನ್ನು ಇನ್ನಷ್ಟು ಗಮನಿಸಬೇಕು. ಕಲ್ಲು ಕ್ವಾರಿ, ಜಲ್ಲಿ ಕ್ರಷರ್‌ಗಳ ಸುತ್ತ ಹಾರುವ ಗ್ರಾನೈಟ್ ದೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ, ಬೆಣಚು ನಳಿಕೆಯ ಉಕ್ಕಿಗಿಂತ ಗಡಸು.

ಸರಳಿನ ತುದಿಗೆ ಬಟ್ಟೆ ಕಚ್ಚುವ ಹಿತ್ತಾಳೆಯ ಜ್ಯಾಗ್ ಒಂದು, ಪಾಯಿಂಟ್ 22 ಅಳತೆಯ ಕಂಚಿನ ತಂತಿಯ ಬ್ರಷ್ ಒಂದು, ನೈಲಾನ್ ಬ್ರಷ್ ಒಂದು. ಉಕ್ಕಿನ ತಂತಿಯ ಬ್ರಷ್ ಅಂಗಡಿಯವರು ಸುಮ್ಮನೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಬೋಲ್ಟ್ ಇದ್ದ ಜಾಗದಲ್ಲಿ ಕೂರಿಸಿ ಸರಳನ್ನು ನೇರವಾಗಿ ನಡೆಸುವ ಪ್ಲಾಸ್ಟಿಕ್ ಕೊಳವೆಯೂ ಸಿಗುತ್ತದೆ, ರಾಡ್ ಗೈಡ್ ಎನ್ನುತ್ತಾರೆ. ಅದಕ್ಕೆ ಕೊಟ್ಟ ಹಣ ವ್ಯರ್ಥವಲ್ಲ, ಏಕೆಂದರೆ ಸರಳು ಬಾಗಿ ಚೇಂಬರಿನ ಬಾಯಿಗೆ ತಾಗುವುದನ್ನು ಅದು ತಪ್ಪಿಸುತ್ತದೆ.

ಬಟ್ಟೆಗೆ, ಎನ್‌ಸಿಸಿಯ ಮಾತಿನಲ್ಲಿ ಚಿಂದಿಗೆ, ಹಳೆಯ ಹತ್ತಿಯ ಪಂಚೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಹತ್ತಾರು ಸಲ ಒಗೆದು ಗಂಜಿ ಬಿಟ್ಟು ಮೆತ್ತಗಾದದ್ದು, ಜರಿ ಅಂಚು ಕತ್ತರಿಸಿ ತೆಗೆದದ್ದು. ಎರಡರಿಂದ ಎರಡೂವರೆ ಸೆಂಟಿಮೀಟರ್ ಚೌಕಗಳಾಗಿ ಕತ್ತರಿಸಿ ಡಬ್ಬಿಯಲ್ಲಿ ಮುಚ್ಚಿಡಿ. ಅಳತೆ ಹೇಗೆ ತಿಳಿಯಬೇಕು? ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ತಳ್ಳಿದರೆ ಸರಳು ಸಣ್ಣ ಬಿಗಿಯೊಂದಿಗೆ ಸಾಗಬೇಕು. ಅಂಗೈ ಬಳಸಬೇಕಾಗಿ ಬಂದರೆ ಬಟ್ಟೆ ದೊಡ್ಡದಾಯಿತು. ಟೆರಿಕಾಟ್, ಪಾಲಿಯೆಸ್ಟರ್ ಬೇಡ, ಅವು ದ್ರವ ಹೀರುವುದಿಲ್ಲ.

ಕೊಳೆ ಕರಗಿಸಲು ಬಂದೂಕಿನ ಅಂಗಡಿಯಲ್ಲಿ ಸಿಗುವ ಬೋರ್ ಸಾಲ್ವೆಂಟ್ ಇದ್ದರೆ ಸರಿ. ಇಲ್ಲದಿದ್ದರೆ ಪೇಂಟ್ ಅಂಗಡಿಯ ಟರ್ಪೆಂಟೈನ್ ಮೇಣವನ್ನೂ ಮಸಿಯನ್ನೂ ಚೆನ್ನಾಗಿ ಸಡಿಲಿಸುತ್ತದೆ. ಸೀಮೆಎಣ್ಣೆಯೂ ಆದೀತು, ಆದರೆ ಕೊನೆಗೆ ಪೂರ್ತಿ ಒರೆಸಿ ತೆಗೆಯಬೇಕು. ಪೆಟ್ರೋಲ್ ಮಾತ್ರ ಬೇಡವೇ ಬೇಡ, ಅದರ ಆವಿ ದೂರದ ಒಲೆಯಿಂದಲೂ ಕಿಡಿ ಹಿಡಿಯುತ್ತದೆ. ತಾಮ್ರ ಕರಗಿಸುವ ಅಮೋನಿಯ ಘಾಟಿನ ದ್ರವಗಳು ದೊಡ್ಡ ರೈಫಲ್‌ಗೆ, ಸೀಸದ ಗುಂಡಿನ ನಳಿಕೆಗೆ ಅವುಗಳ ಅಗತ್ಯವಿಲ್ಲ. ಕಾಪಿಡಲು ಬಂದೂಕಿನ ಎಣ್ಣೆ, ಇಲ್ಲವೇ ಹೊಲಿಗೆ ಯಂತ್ರದ ತಿಳಿಯೆಣ್ಣೆ.

ತಿಪಟೂರಿನ ಕೊಬ್ಬರಿ ಎಣ್ಣೆಯ ವಿಷಯ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಬೀಗಕ್ಕೂ ಅದೇ, ಕುಡುಗೋಲಿಗೂ ಅದೇ, ತಲೆಗೂ ಅದೇ. ರೈಫಲ್‌ಗೆ ಅದು ಒಗ್ಗುವುದಿಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಗ್ಗೆ ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸಿದ ಅನುಭವ ಯಾರಿಗಿಲ್ಲ? ಅದೇ ಹೆಪ್ಪು ಬೋಲ್ಟಿನೊಳಗಿನ ಸ್ಪ್ರಿಂಗಿನ ಸುತ್ತ ಕಟ್ಟಿದರೆ ಫೈರಿಂಗ್ ಪಿನ್ನಿನ ಏಟು ಮೆದುವಾಗಿ ತೋಟಾ ಸಿಡಿಯುವುದಿಲ್ಲ. ತಿಂಗಳುಗಟ್ಟಲೆ ಇಟ್ಟರೆ ದೂಳು ಹಿಡಿದು ಅಂಟಾಗುತ್ತದೆ. ಹೊಂಗೆ ಎಣ್ಣೆ, ಹರಳೆಣ್ಣೆಗಳಿಗೂ ಇದೇ ಮಾತು. ಸಸ್ಯದ ಎಣ್ಣೆ ಯಾವುದೂ ಬೇಡ. ವಾಹನದಿಂದ ತೆಗೆದ ಕಪ್ಪು ಆಯಿಲ್ ಅಂತೂ ಮಸಿಯನ್ನು ಮಸಿಯಿಂದ ತೊಳೆದ ಹಾಗೆ.

ಕೈ ಹಚ್ಚುವ ಮುನ್ನ

ತೋಟಾ ತುಂಬುವ ಗೂಡನ್ನು, ಅಂದರೆ ಮ್ಯಾಗಜೀನನ್ನು ಹೊರತೆಗೆಯಿರಿ. ಮೂತಿಯನ್ನು ಜನರಿಲ್ಲದ ದಿಕ್ಕಿಗೆ ಹಿಡಿದು ಬೋಲ್ಟ್ ತೆರೆಯಿರಿ. ಚೇಂಬರನ್ನು ಟಾರ್ಚ್ ಬೆಳಕಿನಲ್ಲಿ ಕಣ್ಣಾರೆ ನೋಡಿ, ಆಮೇಲೆ ಕಿರುಬೆರಳಿನ ತುದಿಯನ್ನು ಅದರ ಬಾಯಿಗೆ ತಾಗಿಸಿ ಖಾಲಿಯೆಂದು ಖಚಿತಪಡಿಸಿಕೊಳ್ಳಿ. ನಳಿಕೆಯ ಕೆಳಗೆ ಉದ್ದನೆಯ ಕೊಳವೆಯಲ್ಲಿ ತೋಟಾ ತುಂಬುವ ಮಾದರಿಯಾದರೆ ಆ ಕೊಳವೆಯ ಮೂಲೆಯಲ್ಲಿ ಒಂದು ತೋಟಾ ಸಿಕ್ಕಿಕೊಂಡಿರಬಹುದು, ಅದನ್ನೂ ನೋಡಬೇಕು. ತೋಟಾ ಡಬ್ಬಿ ಬೇರೆ ಕೋಣೆಯಲ್ಲಿರಲಿ. ನಿನ್ನೆ ನೋಡಿದ್ದೆ, ಈಗಷ್ಟೇ ಮಗ ನೋಡಿದ ಎಂಬ ಲೆಕ್ಕ ನಡೆಯದು, ಪ್ರತಿ ಸಲವೂ ನಿಮ್ಮ ಕಣ್ಣು, ನಿಮ್ಮ ಬೆರಳು.

ಜಗಲಿ, ಮಹಡಿ, ಗಾಳಿಯಾಡುವ ಎಲ್ಲಾದರೂ ಕೂತುಕೊಳ್ಳಿ, ಅಡುಗೆಮನೆ ಹಾಗೂ ಊಟದ ಮೇಜು ಬೇಡ. ನಳಿಕೆ ಒರೆಸಿದ ಬಟ್ಟೆಗೆ ಬರುವ ಬೂದಿ ಬಣ್ಣದಲ್ಲಿ ಸೀಸವಿರುತ್ತದೆ. ಅದು ಮೈಯೊಳಗೆ ಸೇರಿದರೆ ಸುಲಭಕ್ಕೆ ಹೊರಹೋಗುವುದಿಲ್ಲ, ಸಣ್ಣ ಮಕ್ಕಳ ಮಿದುಳಿಗೆ ದೊಡ್ಡ ಕೇಡು. ರಬ್ಬರ್ ಕೈಗವಸು ಹಾಕಿ. ನಡುವೆ ಕಾಫಿ, ಎಲೆಅಡಿಕೆ, ಬೀಡಿ ಏನೂ ಬೇಡ. ಮುಗಿದ ಮೇಲೆ ಸೋಪು ಹಚ್ಚಿ ತಣ್ಣೀರಿನಲ್ಲಿ ಕೈ ತೊಳೆಯಿರಿ. ಕೊಳೆ ಬಟ್ಟೆಗಳನ್ನು ಒಲೆಗೆ ಹಾಕದೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಅಪಾಯಕಾರಿ ಕಸವೆಂದು ಬೇರೆಯಾಗಿ ಕೊಡಿ.

ನಳಿಕೆ ಒರೆಸುವ ಕ್ರಮ

ಗುಂಡು ಹಾರಿಸಿ ಬಂದ ದಿನವೇ, ಕೊಳೆ ಇನ್ನೂ ಮೆತ್ತಗಿರುವಾಗ ಶುಚಿ ಮಾಡಿದರೆ ಅರ್ಧ ಶ್ರಮ ಉಳಿಯುತ್ತದೆ. ಬೋಲ್ಟ್ ಹೊರತೆಗೆಯಿರಿ. ಹಲವು ಮಾದರಿಗಳಲ್ಲಿ ಟ್ರಿಗರ್ ಒತ್ತಿ ಹಿಡಿದು ಬೋಲ್ಟನ್ನು ಹಿಂದಕ್ಕೆಳೆದರೆ ಬರುತ್ತದೆ, ಕೆಲವದರಲ್ಲಿ ಪಕ್ಕದಲ್ಲಿ ಗುಂಡಿ ಇರುತ್ತದೆ. ರೈಫಲ್ಲನ್ನು ಎರಡು ಮರಳಿನ ಚೀಲಗಳ ಮೇಲೆ, ಇಲ್ಲವೇ ಗೋಣಿ ಸುತ್ತಿದ ಎರಡು ಇಟ್ಟಿಗೆಗಳ ಮೇಲೆ, ಮೂತಿ ಎರಡು ಬೆರಳು ತಗ್ಗಾಗಿರುವಂತೆ ಮಲಗಿಸಿ. ಹೀಗೆ ಮಾಡದಿದ್ದರೆ ದ್ರವ ಹಿಂದಕ್ಕೆ ಹರಿದು ಟ್ರಿಗರ್ ಒಳಗೆ ಇಳಿಯುತ್ತದೆ, ಮರದ ಹಿಡಿಕೆಯ ಪಾಲಿಶ್ ಕರಗಿಸುತ್ತದೆ. ಮೂತಿಯ ಕೆಳಗೆ ಹಳೆಯ ಬಟ್ಟಲೊಂದನ್ನಿಡಿ.

ಮೊದಲ ಬಟ್ಟೆ ಒಣದು. ಜ್ಯಾಗಿಗೆ ಚುಚ್ಚಿ, ಚೇಂಬರ್ ಕಡೆಯಿಂದ ಒಳಗೆ ಬಿಟ್ಟು, ಒಂದೇ ಸಮನೆ ಮೂತಿಯವರೆಗೆ ತಳ್ಳಿ. ಮೂತಿಯಿಂದ ಹೊರಬಂದ ಕೂಡಲೇ ಬಟ್ಟೆ ಕಳಚಿ ಬೀಳುತ್ತದೆ. ಬೀಳದಿದ್ದರೆ ಕೈಯಿಂದ ತೆಗೆಯಿರಿ. ಕೊಳೆಯಾದ ಬಟ್ಟೆಯನ್ನು ಮತ್ತೆ ಹಿಂದಕ್ಕೆಳೆಯಬಾರದು, ಹೊರಗೆ ತಂದ ಕಸವನ್ನು ಮತ್ತೆ ಒಳಗೆ ಗುಡಿಸಿದಂತಾಗುತ್ತದೆ. ಸರಳನ್ನು ಹಿಂದಕ್ಕೆಳೆಯುವಾಗ ಎಡಗೈಯಿಂದ ಮೂತಿಯ ಬಳಿ ಅದನ್ನು ನಡುಮಧ್ಯಕ್ಕೆ ಹಿಡಿದಿರಿ, ಅಂಚಿಗೆ ಒರಗಲು ಬಿಡಬೇಡಿ. ಹೊರಬಂದ ಸರಳನ್ನು ಪ್ರತಿ ಸಲವೂ ಒರೆಸಿ. ಈ ಒರೆಸುವಿಕೆ ಬೇಸರ ತರಿಸುತ್ತದೆ, ಬಹಳ ಮಂದಿ ಬಿಡುವುದು ಇದನ್ನೇ.

ಎರಡನೆಯ ಬಟ್ಟೆಯನ್ನು ಸಾಲ್ವೆಂಟಿನಲ್ಲಿ ಅದ್ದಿ ಹಿಂಡಿ ಅದೇ ರೀತಿ ಹಾಯಿಸಿ, ಇನ್ನೊಂದನ್ನೂ ಹಾಯಿಸಿ. ಆಮೇಲೆ ಹತ್ತು ನಿಮಿಷ ರೈಫಲ್ಲನ್ನು ಅದರ ಪಾಡಿಗೆ ಬಿಡಿ. ಈ ಹತ್ತು ನಿಮಿಷ ದ್ರವ ಮಾಡುವ ಕೆಲಸವನ್ನು ನಿಮ್ಮ ರಟ್ಟೆ ಅರ್ಧ ಗಂಟೆಯಲ್ಲಿ ಮಾಡಲಾರದು. ಅಷ್ಟರಲ್ಲಿ ಬೋಲ್ಟ್ ಕೈಗೆತ್ತಿಕೊಳ್ಳಬಹುದು. ಅದರ ಮುಖದ ತಗ್ಗು, ಖಾಲಿ ಕವಚ ಎಳೆಯುವ ಕೊಕ್ಕೆಯ ಸಂದು, ಇವುಗಳಲ್ಲಿ ಜಿಡ್ಡುಮಸಿ ಕೂತಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್, ಬಿದಿರಿನ ಕಡ್ಡಿ ಸಾಕು. ಕವಚ ಸರಿಯಾಗಿ ಹೊರಬೀಳುತ್ತಿಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವು ಈ ಸಂದಿನಲ್ಲೇ ಮುಗಿಯುತ್ತವೆ.

ಹತ್ತು ನಿಮಿಷ ಕಳೆದ ಮೇಲೆ ಎರಡು ಒಣ ಬಟ್ಟೆ ಹಾಯಿಸಿ ನೋಡಿ. ಅವುಗಳನ್ನು ಬಿಳಿ ಕಾಗದದ ಮೇಲೆ ಸಾಲಾಗಿ ಹರಡಿ. ಮೊದಲನೆಯದು ಕಾಡಿಗೆಯಂತೆ ಕಪ್ಪಗಿರುತ್ತದೆ, ಎರಡನೆಯದು ಬೂದಿ. ಬಟ್ಟೆಯಲ್ಲಿ ಬೆಳ್ಳಿಯಂತೆ ಮಿನುಗುವ ಸಣ್ಣ ಚೂರುಗಳಿವೆಯೇ ನೋಡಿ, ಅದು ಸೀಸ. ಕೆಂಪುಮಣ್ಣಿನ ಬಣ್ಣ ಕಂಡರೆ ತುಕ್ಕು. ಚೂರುಗಳಿಲ್ಲ, ತುಕ್ಕಿಲ್ಲ, ಗುರಿಯೂ ಚೆನ್ನಾಗಿದೆ ಎಂದಾದರೆ ಬ್ರಷ್ ಬೇಡ, ನೇರವಾಗಿ ಎಣ್ಣೆಗೆ ಹೋಗಿ. ಬಟ್ಟೆ ಹಾಲಿನಂತೆ ಬೆಳ್ಳಗೆ ಬರುವವರೆಗೆ ಉಜ್ಜುತ್ತಲೇ ಇರುವ ಹಟ ಬೇಡ, ತಿಳಿ ಬೂದಿ ಬಣ್ಣಕ್ಕೆ ನಿಲ್ಲಿಸಿ.

ಸೀಸದ ಚೂರು ಕಂಡರೆ, ಅಥವಾ ಗುಂಡುಗಳು ಚೆದುರತೊಡಗಿದ್ದರೆ ಬ್ರಷ್. ಕಂಚಿನ ಬ್ರಷ್ಷಿಗೆ ನಾಲ್ಕು ಹನಿ ಸಾಲ್ವೆಂಟ್ ಹಾಕಿ. ಬ್ರಷ್ಷನ್ನೇ ಶೀಶೆಯಲ್ಲಿ ಅದ್ದಿದರೆ ಶೀಶೆಯೆಲ್ಲ ಕೊಳೆ. ಹಿಂಬದಿಯಿಂದ ತಳ್ಳಿ ಮೂತಿಯಿಂದ ಪೂರ್ತಿ ಹೊರಬರುವವರೆಗೆ ನಿಲ್ಲಬೇಡಿ. ನಡುವಿನಲ್ಲಿ ದಿಕ್ಕು ಬದಲಿಸಿದರೆ ಕೂದಲು ಮಡಚಿ ಸಿಕ್ಕಿಕೊಳ್ಳುತ್ತದೆ. ಹೊರಬಂದ ಮೇಲೆ ಬ್ರಷ್ಷನ್ನು ತಿರುಗಿಸಿ ಕಳಚಿ, ಬರಿ ಸರಳನ್ನು ಹಿಂದಕ್ಕೆಳೆದು, ಮತ್ತೆ ಬ್ರಷ್ ಜೋಡಿಸಿ ತಳ್ಳುವುದು ನನ್ನ ಅಭ್ಯಾಸ. ನಿಧಾನ ನಿಜ, ಆದರೆ ಮೂತಿಯ ಅಂಚು ನನಗೆ ಆ ಐದು ನಿಮಿಷಕ್ಕಿಂತ ದೊಡ್ಡದು. ಇಂಥ ಐದಾರು ಸಲ ಸಾಕು. ಆಮೇಲೆ ಒದ್ದೆ ಬಟ್ಟೆ ಒಂದು, ಒಣ ಬಟ್ಟೆ ಎರಡು.

ಈಗ ಆ ಮಸಿಯ ಉಂಗುರ. ಸವೆದ ಬ್ರಷ್ಷೊಂದರ ಸುತ್ತ ಸಾಲ್ವೆಂಟಿನಲ್ಲಿ ನೆನೆಸಿದ ಬಟ್ಟೆ ಸುತ್ತಿ ಚೇಂಬರ್ ದಾಟಿ ಗೀರುಗಳು ಶುರುವಾಗುವಲ್ಲಿಗೆ ಮುಟ್ಟಿಸಿ. ಎಲ್ಲಿಯವರೆಗೆ ಹೋಗಬೇಕೆಂದು ಸರಳಿನ ಮೇಲೆ ಟೇಪು ಸುತ್ತಿ ಗುರುತು ಮಾಡಿಕೊಂಡರೆ ಅಂದಾಜು ತಪ್ಪದು. ಅಲ್ಲಿಯೇ ಕಾಲು ಗಂಟೆ ನೆನೆಯಲು ಬಿಟ್ಟು, ಆಮೇಲೆ ಕಡೆಗೋಲಿನಂತೆ ಅಲ್ಲೇ ಹತ್ತು ಹನ್ನೆರಡು ಸುತ್ತು ತಿರುಗಿಸಿ. ಮೊದಮೊದಲು ಗರಗರ ಎನ್ನುವುದು ಬೆರಳಿಗೆ ತಿಳಿಯುತ್ತದೆ. ಅದು ನುಣುಪಾಗುತ್ತಾ ಬಂದರೆ ಉಂಗುರ ಬಿಡುತ್ತಿದೆ ಎಂದರ್ಥ. ಒಂದೇ ದಿನ ಪೂರ್ತಿ ಬಿಡದಿದ್ದರೆ ಮರುದಿನ ಮತ್ತೆ ನೆನೆಸಿ, ಚೂಪಾದ ಯಾವ ವಸ್ತುವನ್ನೂ ಒಳಗೆ ಹಾಕಿ ಕೆರೆಯಬೇಡಿ.

ಬೋಲ್ಟ್ ಹೊರಬಾರದ ಮಾದರಿಗಳಲ್ಲಿ ಹಿಂಬದಿಯಿಂದ ಸರಳು ಹೋಗುವುದಿಲ್ಲ. ಅವುಗಳಿಗೆ ದಾರದ ಪುಲ್‌ಥ್ರೂ ಬಳಸಿ. ಭಾರದ ತುದಿಯನ್ನು ಚೇಂಬರಿನಿಂದ ಇಳಿಬಿಟ್ಟು ಮೂತಿಯಿಂದ ಎಳೆಯಬೇಕು. ನೇರ ಮುಂದಕ್ಕೆ ಎಳೆಯಿರಿ, ಪಕ್ಕಕ್ಕೆ ಎಳೆದರೆ ದಾರವೇ ಅಂಚನ್ನು ಕೊರೆಯುತ್ತದೆ. ಬೇರೆ ದಾರಿಯೇ ಇಲ್ಲದೆ ಮೂತಿಯಿಂದ ಸರಳು ಬಿಡಬೇಕಾದರೆ ಮೂತಿಗೆ ಕೂರುವ ಹಿತ್ತಾಳೆಯ ಬಿರಡೆ ಹಾಕಿ, ಅದರ ನಡುವಿನ ತೂತಿನಿಂದ ಬಿಡಿ. ಏರ್ ರೈಫಲ್‌ಗೆ ಮಾತ್ರ ಈ ಕ್ರಮ ಯಾವುದೂ ಹೊಂದುವುದಿಲ್ಲ. ಸಾಲ್ವೆಂಟ್ ಅದರ ರಬ್ಬರ್ ಸೀಲುಗಳನ್ನು ತಿನ್ನುತ್ತದೆ, ಅದಕ್ಕೆ ಬಟ್ಟೆ ಅಥವಾ ಫೆಲ್ಟ್ ಉಂಡೆಗಳಷ್ಟೇ ಸಾಕು.

ಮೂತಿಯ ಅಂಚು

ಗುಂಡು ನಳಿಕೆಯಿಂದ ಕಳಚಿಕೊಳ್ಳುವ ಕೊನೆಯ ಕ್ಷಣದಲ್ಲಿ ಅದನ್ನು ಮುಟ್ಟುವುದು ಈ ಅಂಚು. ಇಂಗ್ಲಿಷಿನಿಂದ ಬಂದ ಕ್ರೌನ್ ಎಂಬ ಹೆಸರೇ ಬಳಕೆಯಲ್ಲಿದೆ. ಅಂಚು ಸುತ್ತಲೂ ಸಮವಾಗಿದ್ದರೆ ಗುಂಡಿನ ಹಿಂದಿನ ಬಿಸಿಗಾಳಿ ಎಲ್ಲ ಕಡೆಯೂ ಏಕಕಾಲಕ್ಕೆ ಹೊರಬರುತ್ತದೆ. ಒಂದು ಕಡೆ ಕೂದಲೆಳೆಯಷ್ಟು ಕೊರೆದಿದ್ದರೆ ಗಾಳಿ ಅಲ್ಲಿಂದ ಮೊದಲು ನುಗ್ಗಿ ಗುಂಡಿನ ಹಿಮ್ಮಡಿಯನ್ನು ವಾಲಿಸುತ್ತದೆ. ಅದು ಎಷ್ಟು ದೊಡ್ಡ ವಿಷಯ ಎನ್ನುವವರು 50 ಮೀಟರ್ ಸ್ಪರ್ಧೆಯ ಗುರಿಹಲಗೆ ನೋಡಬೇಕು. ಹತ್ತರ ವೃತ್ತದ ವ್ಯಾಸ 10.4 ಮಿಲಿಮೀಟರ್, ಗುಂಡಿನ ದಪ್ಪಕ್ಕೆ ಎರಡು ಪಟ್ಟೂ ಇಲ್ಲ. 2024ರ ಆಗಸ್ಟ್ 1ರಂದು ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು ಇದೇ ಪಾಯಿಂಟ್ 22ರಲ್ಲಿ, ಮೂರು ಭಂಗಿಗಳಲ್ಲಿ, ಅಷ್ಟು ದೂರದ ಅಷ್ಟು ಸಣ್ಣ ವೃತ್ತಕ್ಕೆ ಗುರಿಯಿಟ್ಟು.

ಪರೀಕ್ಷೆ ಸುಲಭ. ಬೋಲ್ಟ್ ಹೊರಗಿರುವಾಗಲೇ ಕಿವಿಗೆ ಬಳಸುವ ಹತ್ತಿಕಡ್ಡಿ ತೆಗೆದುಕೊಂಡು ಮೂತಿಯ ಒಳಗಿನಿಂದ ಹೊರಕ್ಕೆ, ಅಂಚಿನ ಮೇಲೆ ಹಾಯುವಂತೆ ಎಳೆಯಿರಿ. ಗಡಿಯಾರದ ಮುಳ್ಳಿನಂತೆ ಸುತ್ತಲೂ ಹನ್ನೆರಡು ಕಡೆ ಎಳೆಯಿರಿ. ಹತ್ತಿಯ ಎಳೆ ಎಲ್ಲಾದರೂ ಕಚ್ಚಿ ನಿಂತರೆ ಅಲ್ಲಿ ಅಂಚು ಎದ್ದಿದೆ ಅಥವಾ ಕೊರೆದಿದೆ. ಮಧುಗಿರಿಯವರ ರೈಫಲ್ಲಿನಲ್ಲಿ ಆರು ಗಂಟೆಯ ಜಾಗದಿಂದ ಎಂಟರವರೆಗೆ ಬಿಳಿ ಎಳೆಗಳು ಸಾಲಾಗಿ ನಿಂತಿದ್ದವು. ಅಂಚು ಸರಿಯಿದ್ದರೆ ಅದರ ಮೇಲಿನ ಮಸಿಯನ್ನು ಮೆತ್ತನೆ ಬಟ್ಟೆಯಿಂದ ಒರೆಸಿ ಬಿಡಿ, ಮತ್ತೇನೂ ಮಾಡಬೇಡಿ.

ಎಣ್ಣೆ

ಶುದ್ಧ ಬಟ್ಟೆಗೆ ಎರಡು ಹನಿ ಎಣ್ಣೆ, ಒಂದೇ ಸಲ ಹಾಯಿಸುವುದು. ಮೂತಿಯಲ್ಲಿ ಎಣ್ಣೆ ಹನಿಗಟ್ಟಿ ನಿಂತರೆ ಅತಿಯಾಯಿತು, ಒಣ ಬಟ್ಟೆ ಹಾಯಿಸಿ. ಎಣ್ಣೆ ತುಂಬಿದ ನಳಿಕೆಯಲ್ಲಿ ಗುಂಡು ಹಾರಿಸಿದರೆ ಗುರಿ ತಪ್ಪುವುದು ಸಣ್ಣ ಮಾತು, ದಾರಿಗಡ್ಡ ನಿಂತದ್ದು ಹೆಚ್ಚಾದರೆ ನಳಿಕೆಯೇ ಉಬ್ಬಿಬಿಡಬಹುದು. ಚೇಂಬರಿನಲ್ಲಂತೂ ಎಣ್ಣೆ ಉಳಿಯಲೇಬಾರದು. ಬೋಲ್ಟ್ ಕೂರಿಸುವ ಮೊದಲು ಬೆಳಕಿಗೆ ಹಿಡಿದು ನಳಿಕೆಯ ಆಚೆ ತುದಿ ಕಾಣುತ್ತದೆಯೇ ನೋಡಿ, ಬಟ್ಟೆಯ ಚೂರು ಒಳಗೆ ಉಳಿದಿರಬಾರದು. ಕೂರಿಸಿದ ಮೇಲೆ ಖಾಲಿ ಚೇಂಬರಿನ ಮೇಲೆ ಸುಮ್ಮನೆ ಟ್ರಿಗರ್ ಒತ್ತಿ ಟಕ್ ಎನ್ನಿಸುವುದು ಬೇಡ. ಹಲವು ಪಾಯಿಂಟ್ 22 ಮಾದರಿಗಳಲ್ಲಿ ಪಿನ್ ನೇರವಾಗಿ ಚೇಂಬರಿನ ಅಂಚಿಗೇ ಹೊಡೆದು ಅಲ್ಲಿ ತಗ್ಗು ಬೀಳಿಸುತ್ತದೆ.

ಎಷ್ಟು ದಿನಕ್ಕೊಮ್ಮೆ? ನಾನು ಪ್ರತಿ ಅಭ್ಯಾಸದ ನಂತರ ಒಂದೆರಡು ಒಣ ಬಟ್ಟೆ ಹಾಯಿಸುತ್ತೇನೆ. ಸಾಲ್ವೆಂಟ್ 200ರಿಂದ 300 ಗುಂಡಿಗೊಮ್ಮೆ. ಬ್ರಷ್ ಗುರಿ ಚೆದುರಿದಾಗ ಮಾತ್ರ. ಮಳೆಯಲ್ಲಿ ನೆನೆದರೆ ಲೆಕ್ಕ ನೋಡದೆ ಅದೇ ಸಂಜೆ. ಪೂರ್ತಿ ಶುಚಿ ಮಾಡಿದ ನಳಿಕೆಯಲ್ಲಿ ಮೊದಲ ಹತ್ತು ಗುಂಡು ಅತ್ತಿತ್ತ ಹೋಗುತ್ತವೆ, ಮೇಣದ ಪದರ ಮತ್ತೆ ಕೂರುವವರೆಗೆ ಹಾಗೆಯೇ. ಆದ್ದರಿಂದ ಸ್ಪರ್ಧೆಯ ಹಿಂದಿನ ರಾತ್ರಿ ಮಕ್ಕಳ ರೈಫಲ್ ತಿಕ್ಕಿ ಬೆಳಗಿಸಿ ಕಳಿಸುವ ತಂದೆಯರು ಆ ಕೆಲಸವನ್ನು ಒಂದು ವಾರ ಮೊದಲೇ ಮುಗಿಸಿ, ನಡುವೆ ಒಂದು ಅಭ್ಯಾಸ ಮಾಡಿಸಿ.

ಬಟ್ಟೆ ಸಿಕ್ಕಿಕೊಂಡರೆ

ದೊಡ್ಡ ಬಟ್ಟೆ ಹಾಕಿ ಸರಳು ನಡುವೆ ನಿಂತುಬಿಡುವುದು, ಪುಲ್‌ಥ್ರೂ ದಾರ ತುಂಡಾಗುವುದು ಆಗಾಗ ನಡೆಯುತ್ತದೆ. ಗಾಬರಿ ಬೇಡ, ಸುತ್ತಿಗೆಯೂ ಬೇಡ. ಎರಡೂ ಕಡೆಯಿಂದ ತೆಳು ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೆಯೇ ಇಡಿ. ಬೆಳಗ್ಗೆ, ಬಟ್ಟೆ ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಿ. ಛತ್ರಿಯ ಕಡ್ಡಿ, ಸೈಕಲ್ ಕಡ್ಡಿ ತುರುಕಬೇಡಿ. ಗುಂಡು ಹಾರಿಸಿ ಬಟ್ಟೆ ಹೊರದೂಡುವ ಯೋಚನೆ ಯಾರ ತಲೆಗೂ ಬಾರದಿರಲಿ. ನಳಿಕೆ ಉಬ್ಬುತ್ತದೆ, ಸೀಳಿದರೆ ಕೈ, ಕಣ್ಣು ಹೋಗುತ್ತದೆ.

ಇಡುವುದು, ಠಾಣೆಗೆ ಒಪ್ಪಿಸುವುದು

ಕ್ಯಾನ್ವಾಸ್, ರೆಕ್ಸಿನ್ ಚೀಲಗಳು ಹೊತ್ತೊಯ್ಯಲು ಮಾತ್ರ. ಅವುಗಳಲ್ಲೇ ವರ್ಷವಿಡೀ ಇಟ್ಟರೆ ಒಳಗಿನ ಸ್ಪಂಜು ಬೆವರಿನಂತೆ ತೇವ ಹಿಡಿದುಕೊಂಡು ಉಕ್ಕಿನ ಮೈಗೆ ಒತ್ತುತ್ತದೆ. ನಮ್ಮ ಕಡೆ ಬೇಸಿಗೆ ಒಣ, ಆದರೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಗೋಡೆಗಳೂ ತಣ್ಣಗಾಗುತ್ತವೆ. ಬೀಗವಿರುವ ಕಬ್ಬಿಣದ ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ಬೆರಳ ಗುರುತುಗಳ ಮೇಲೆ ಎಣ್ಣೆ ಬಟ್ಟೆ ಎಳೆದಿರಿ. ಕೈಬೆವರಿನ ಉಪ್ಪು ಒಂದು ವಾರದಲ್ಲಿ ಬೆರಳಚ್ಚನ್ನೇ ತುಕ್ಕಿನಲ್ಲಿ ಮೂಡಿಸಬಲ್ಲದು.

ಚುನಾವಣೆ ಬಂದಾಗ ಪರವಾನಗಿದಾರರು ಆಯುಧವನ್ನು ಠಾಣೆಗೆ ಒಪ್ಪಿಸುವ ಆದೇಶ ಹೊರಡುತ್ತದೆ. ಆದೇಶ ಬಂದ ದಿನ ಓಡಿಹೋಗಿ ಹಾಗೆಯೇ ಕೊಟ್ಟುಬರುವವರೇ ಹೆಚ್ಚು. ತಿಂಗಳುಗಟ್ಟಲೆ ಅದು ಮುಟ್ಟದೆ ನಿಂತಿರುತ್ತದೆ ಎಂಬುದು ನೆನಪಿರಲಿ. ಹಿಂದಿನ ಸಂಜೆಯೇ ನಳಿಕೆ ಶುಚಿ ಮಾಡಿ, ಈ ಒಂದು ಸಲ ಎಣ್ಣೆ ತುಸು ಧಾರಾಳವಾಗಿ ಹಾಯಿಸಿ, ಹೊರಮೈಗೂ ಸವರಿ. ಮೂತಿಗೆ ಬಟ್ಟೆ ತುರುಕಿ ಕೊಡಬೇಡಿ, ಅದು ತೇವ ಹೀರಿ ಅಲ್ಲೇ ತುಕ್ಕು ಹಿಡಿಸುತ್ತದೆ, ತೆಗೆಯಲು ಮರೆತರೆ ಅಪಾಯ ಬೇರೆ. ‘ನಳಿಕೆಯಲ್ಲಿ ಎಣ್ಣೆಯಿದೆ, ಒರೆಸದೆ ಹಾರಿಸಬಾರದು’ ಎಂದು ಚೀಟಿ ಬರೆದು ಟ್ರಿಗರ್ ಬಳಿ ಕಟ್ಟಿ. ಮರಳಿ ಪಡೆದ ದಿನ ಮೊದಲು ಮಾಡಬೇಕಾದದ್ದು ಚೇಂಬರ್ ನೋಡುವುದು, ಎರಡನೆಯದು ಎರಡು ಒಣ ಬಟ್ಟೆ.

ಮಧುಗಿರಿಯವರ ರೈಫಲ್ಲಿಗೆ ಹೊಸ ನಳಿಕೆ ಬೇಕಾಗಲಿಲ್ಲ. ಅಂಚು ಕೊರೆದಿದ್ದರೆ ಮೂತಿಯಿಂದ ಒಂದೆರಡು ಮಿಲಿಮೀಟರ್ ತೆಗೆದು ಹೊಸ ಅಂಚು ಕಡೆಯಬಹುದು. ಈ ಕೆಲಸವನ್ನು ಊರಿನ ಲೇಥ್ ಅಂಗಡಿಗೆ ಕೊಡುವಂತಿಲ್ಲ, 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ರಿಪೇರಿ ಮಾಡುವವರಿಗೂ ಪರವಾನಗಿ ಇರಬೇಕು. ಅಂಥವರಲ್ಲಿಗೆ ಒಯ್ದು ಮಾಡಿಸಿಕೊಂಡು ಬಂದರು. ಹೊಸ ಅಂಚಿನ ಸುತ್ತ ಹತ್ತಿಕಡ್ಡಿ ಎಳೆದು ನೋಡಿದೆವು, ಹನ್ನೆರಡು ಕಡೆಯಲ್ಲಿ ಒಂದು ಎಳೆಯೂ ನಿಲ್ಲಲಿಲ್ಲ. ಮರುವಾರ ರೇಂಜಿನಿಂದ ಗುರಿಹಲಗೆಯ ಕಾಗದ ತಂದು ತೋರಿಸಿದರು. ಐದೂ ತೂತುಗಳ ಮೇಲೆ ನಾಣ್ಯ ಇಟ್ಟರೆ ನಾಲ್ಕು ಪೂರ್ತಿ ಮುಚ್ಚುತ್ತಿದ್ದವು, ಐದನೆಯದು ಅರ್ಧ ಹೊರಗೆ ಇಣುಕುತ್ತಿತ್ತು.